ನಾಲ್ಕುನೂರಾ ಹತ್ತರ ಮುಂದಿನ ಚುಕ್ಕಿ

ನಮ್ಮ ಭಾವ ಅಮೃತಪ್ಪನವರ ಮನೆಗೆ ಹೋದವರು ಚಹಾ ಕುಡಿಯುವ ಮೊದಲು ಬಂದೂಕು ನೋಡಬೇಕು. ಬೇರೆಯವರ ಮನೆಯಲ್ಲಿ ಕಾಲಿಗೆ ನೀರು ಕೊಡುತ್ತಾರೆ, ಇವರ ಮನೆಯಲ್ಲಿ ಬಂದೂಕು ತೋರಿಸುತ್ತಾರೆ. ಸೋಫಾದ ಮೇಲಿನ ಗೋಡೆಯಲ್ಲಿ ಹಿತ್ತಾಳೆ ಕೊಕ್ಕೆಗಳ ಮೇಲೆ ಅಡ್ಡ ಮಲಗಿರುತ್ತದೆ, ಅದರ ಮುಖದ ಮೇಲೆ ಬೀಳುವಂತೆ ಒಂದು ಲೈಟು. ದೇವರ ಕೋಣೆಯ ಬಲ್ಬು ಹೋಗಿ ಎಷ್ಟೋ ದಿನವಾಯಿತು, ಅದನ್ನು ಹಾಕಿಸಲು ಮಾತ್ರ ಪುರುಸೊತ್ತಿಲ್ಲ.

ಬಂದೂಕಿನ ಕಟ್ಟಿಗೆಯ ಮೇಲೆ, ಭುಜಕ್ಕೆ ಆನಿಸುವ ಕಡೆ, 410 ಎಂದು ಕೊರೆದಿತ್ತು. ಅದರ ಮುಂದೆ, ನಾಲ್ಕರ ಎಡಗಡೆ, ಒಂದು ಚುಕ್ಕಿ. ಆ ಚುಕ್ಕಿಯನ್ನು ನೆನಪಿಟ್ಟುಕೊಳ್ಳಿ, ನಾನು ಹೇಳಹೊರಟಿರುವುದೇ ಅದರ ಕಥೆ.

“ನಮ್ಮಜ್ಜ ಸೂಗಪ್ಪ ಅಂದ್ರ ಇಡೀ ರಾಯಚೂರ ಜಿಲ್ಲಾಕ್ಕ ಗೊತ್ತು,” ಎಂದು ಭಾವ ಶುರು ಮಾಡುತ್ತಿದ್ದರು. “ಶಿಕಾರಿ ಸೂಗಪ್ಪ! ನಾಲ್ಕನೂರಾ ಹತ್ತು ಪ್ರಾಣಿ ಹೊಡದಾನ್ರೀ. ಹೊಡದು, ಕಡೀಕ ಲೆಕ್ಕಾನೂ ತಾನ ಕೈಯಾರ ಕೊರದಿಟ್ಟಾನ. ಮುಟ್ಟಿ ನೋಡ್ರಿ. ಸಂಕೋಚ ಮಾಡಬ್ಯಾಡ್ರಿ, ಮುಟ್ರಿ.”

ಮುಟ್ಟುತ್ತಿದ್ದರು ಪಾಪ. ಚಹಾ ಬರುವುದು ಆಮೇಲೆ ಅಲ್ಲವೇ.

ಆ ನಾಲ್ಕುನೂರಾ ಹತ್ತರಲ್ಲಿ ಹುಲಿ ಎಷ್ಟು, ಮೊಲ ಎಷ್ಟು ಎನ್ನುವುದು ಎದುರು ಕೂತವರನ್ನು ನೋಡಿ ಬದಲಾಗುತ್ತಿತ್ತು. ಬಿಲ್ಡರ್ ಬಂದರೆ ಹುಲಿಗಳು ಹೆಚ್ಚುತ್ತಿದ್ದವು. ಮಾಂಸ ತಿನ್ನದ ಮಂದಿ ಬಂದರೆ ಎಲ್ಲವೂ ಬೆಳೆ ಹಾಳು ಮಾಡುವ ಕಾಡುಹಂದಿಗಳೇ. ಒಮ್ಮೆ ಮಠದ ಸ್ವಾಮಿಗಳು ಪಾದಪೂಜೆಗೆ ಬಂದಿದ್ದಾಗ ನಾಲ್ಕುನೂರಾ ಹತ್ತೂ ವಿಷದ ಹಾವುಗಳಾದವು. ಬಂದೂಕಿನಿಂದ ಹಾವು ಹೇಗೆ ಹೊಡೆಯುತ್ತಾರೆ ಎಂದು ಸ್ವಾಮಿಗಳು ಕೇಳಲಿಲ್ಲ. ದೊಡ್ಡವರು.

ನಾನು ಸುಮಂಗಲಾ, ಅಮೃತಪ್ಪನವರ ಹೆಂಡತಿಯ ತಂಗಿ. ಹೈದರಾಬಾದಿನ ಕೊಂಡಾಪುರದಲ್ಲಿ ಖಾನಾವಳಿ ನಡೆಸುತ್ತೇನೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಬೆಂಗಳೂರು ಮೈಸೂರಿನ ಹುಡುಗರು ಒಂದು ಪಂಕ್ತಿ, ಆ ಹುಡುಗರು ಕೂತು ಕೆಲಸ ಮಾಡುವ ಗಾಜಿನ ಕಟ್ಟಡಗಳನ್ನು ಕಟ್ಟುವ ದೇವದುರ್ಗ, ಯಾದಗಿರಿಯ ಮಂದಿ ಇನ್ನೊಂದು ಪಂಕ್ತಿ. ಮೈಸೂರಿನವರು ಖಡಕ್ ರೊಟ್ಟಿಯನ್ನು ಹಪ್ಪಳ ಎಂದುಕೊಂಡು ಮೊದಲ ದಿನ ಇನ್ನೂ ಊಟ ಬಂದಿಲ್ಲವೆಂದು ಕಾಯುತ್ತಾ ಕೂರುತ್ತಾರೆ. ಎಲ್ಲರ ಮಾತೂ ನನ್ನ ಕಿವಿಗೆ ಬೀಳುತ್ತದೆ, ಅದಕ್ಕೇ ನನಗೆ ಟೀವಿ ಬೇಕಾಗಿಲ್ಲ.

ಭಾವನ ಕಡೆಗೆ ಬರುತ್ತೇನೆ. ಅವರ ತಂದೆ ಕಾಚಿಗೂಡ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರಾಗಿದ್ದಾಗ, ಊರಾಚೆ ಕೊಂಡಾಪುರದಲ್ಲಿ ಬಂಡೆಗಲ್ಲು ತುಂಬಿದ ಒಂದು ತುಂಡು ಜಾಗ ಹಿಡಿದಿದ್ದರು. ಕುರಿ ಕಟ್ಟಲೂ ಬಾರದ ಜಾಗ ಎಂದು ಮಂದಿ ನಕ್ಕಿದ್ದರು. ಆಮೇಲೆ ಕಂಪ್ಯೂಟರ್ ಕಂಪನಿಗಳು ಬಂದವು, ಬಂಡೆಗಳು ಬಂಗಾರವಾದವು. ಬಿಲ್ಡರ್ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಲು ಒಪ್ಪಿದ, ಭಾವ ಕಾಚಿಗೂಡದ ಓಣಿ ಬಿಟ್ಟು ಪಕ್ಕದಲ್ಲೇ ದೊಡ್ಡ ಮನೆ ಮಾಡಿದರು. ಹೊಸ ಮನೆ, ಹೊಸ ಕಾರು ಎಲ್ಲಾ ಆಯಿತು. ಮನೆತನವೊಂದೇ ಹಳೆಯದು ಬೇಕಾಗಿತ್ತು, ಅದನ್ನು ಗೋಡೆಗೆ ತೂಗುಹಾಕಿದರು.

ಅಪಾರ್ಟ್‌ಮೆಂಟಿಗೆ ‘ಶಿಕಾರಿ ಹೈಟ್ಸ್’ ಎಂದು ಹೆಸರಾಯಿತು. ಬರುವ ದಸರೆಯ ದಿನ ಉದ್ಘಾಟನೆ ಎಂದು ನಿಗದಿಯಾಯಿತು. ಅಂದು ಬಾಗಿಲಲ್ಲಿ ಬಂದೂಕಿಗೆ ಆಯುಧಪೂಜೆ ಆಗುವುದು, ಅದರ ಪಕ್ಕದಲ್ಲಿ ರೇಷ್ಮೆ ಪೇಟ ಸುತ್ತಿ ಭಾವ ನಿಲ್ಲುವುದು. ಬಿಲ್ಡರ್ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಬಣ್ಣದ ಪುಸ್ತಿಕೆಯಲ್ಲಿ ಇದೆಲ್ಲಾ ಮೊದಲೇ ಇತ್ತು, ನಾಲ್ಕುನೂರಾ ಹತ್ತೂ ಇತ್ತು.

ಆ ಪುಸ್ತಿಕೆ ನೋಡಿಯೇ ಋಷಭ್ ಬಂದದ್ದು. ಮೈಸೂರಿನ ಹುಡುಗ, ನನ್ನ ಖಾನಾವಳಿಯ ಗಿರಾಕಿ, ಅಲ್ಲೊಂದು ಫ್ಲ್ಯಾಟ್ ತೆಗೆದುಕೊಂಡವನು. ಭಾವನ ಮನೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಮುಟ್ಟಿ ನೋಡಿ ಎಂದಾಗ ಮುಟ್ಟಿದ. ಬೆರಳು ಹಿಂದಕ್ಕೆ ಜಾರಿಸಿದ.

“ಅಂಕಲ್, ಇಲ್ಲೊಂದು ಪಾಯಿಂಟ್ ಇದೆಯಲ್ಲ?”

“ಯಾವ ಪಾಯಿಂಟು?”

“ಇದೇ. ಪಾಯಿಂಟ್ ಫೋರ್ ಒನ್ ಝೀರೋ. ಪಾಯಿಂಟ್ ಲೆಕ್ಕಕ್ಕೆ ತಗೊಂಡ್ರೆ ನಿಮ್ ತಾತ ಅರ್ಧ ಪ್ರಾಣಿನೂ ಹೊಡೆದಂಗಾಗಲಿಲ್ಲ ಅಂಕಲ್.”

ನಾನು ಸೆರಗು ಬಾಯಿಗೆ ಹಿಡಿದೆ. ಒಳಗಿನ ಕೋಣೆಯಿಂದ ಭಾವನ ತಾಯಿ ತುಳಸಾಬಾಯಿ ಅತ್ತಿ ಕೆಮ್ಮಿದ್ದು ಕೇಳಿಸಿತು, ಅದು ಕೆಮ್ಮಲ್ಲವೆಂದು ನನಗೆ ಗೊತ್ತು.

“ಅದು ಬೊಟ್ಟು,” ಎಂದರು ಭಾವ. “ಲೆಕ್ಕದ ಮುಂದ ಬೊಟ್ಟಿಡೋದು ನಮ್ಮ ಮನೆತನದ ಪದ್ಧತಿ. ನಿಮ್ಮ ಮೈಸೂರ ಕಡೆ ಇರಲಿಕ್ಕಿಲ್ಲ.”

ಮುಂದಿನ ಸಲ ನಾನು ಹೋದಾಗ ಬೊಟ್ಟು ಇರಲಿಲ್ಲ! ತೂತಿಗೆ ಅರಗು ತುಂಬಿ, ಮೇಲೆ ಪಾಲಿಶ್ ಉಜ್ಜಿ, ಅಲ್ಲೇನೂ ಇರಲೇ ಇಲ್ಲ ಎನ್ನುವಂತೆ ಮಾಡಿದ್ದರು.

“ಬೊಟ್ಟು ಎಲ್ಲಿ ಹೋತ್ರಿ ಭಾವಾ? ಬಂದೂಕದ ಮುತ್ತೈದಿತನ ಹೋತೇನು?”

“ನೀ ರೊಟ್ಟಿ ಬಡಿಯಾಕ ಹೋಗು ಸುಮಂಗಲಾ,” ಎಂದರು.

ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಅವರಿಗೆ ಫೋನು ಬಂತು. ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಯಾರೋ ಸರಕಾರಿ ದನಿ, “ನಿಮ್ಮ ಬೋರ್ ನಿಷೇಧದಲ್ಲಿ ಬರುತ್ತದೆ, ಬಂದು ಕಾಣಿ,” ಎಂದಿತಂತೆ. ಬೋರ್ ಎಂದರೆ ನಮ್ಮ ಕಡೆಯವರಿಗೆ ಒಂದೇ ಅರ್ಥ. ಭಾವ ಅಪಾರ್ಟ್‌ಮೆಂಟಿನ ಹಿತ್ತಲಲ್ಲಿ ಹೊಡೆಸಿದ್ದ ಬೋರಿನ ಕಡೆ ಕಾರು ಓಡಿಸಿದರು. ಆ ಬೋರಿಗೆ ಪರವಾನಗಿ ಇರಲಿಲ್ಲವೋ ಏನೋ, ನಾನು ಕೇಳಲಿಲ್ಲ, ಮುಖ ನೋಡಿದರೆ ಇರಲಿಲ್ಲ. ಪಂಪಿನ ಫ್ಯೂಸು ಕಿತ್ತರು, ಪೈಪಿನ ಮೇಲೆ ತಾಡಪತ್ರಿ ಹೊದಿಸಿದರು, ತಾಡಪತ್ರಿ ಮೇಲೆ ಮರಳು ಸುರಿಸಿದರು.

ಅಲ್ಲಿಯ ವಾಚ್‌ಮನ್ ಹನುಮಂತ, ದೇವದುರ್ಗದವನು. ಕುರ್ಚಿಯಲ್ಲಿ ಕೂತಿದ್ದನೆಂದು ಅವನಿಗೆ ಬೈಗುಳ. “ಕಾಯೋದ ನಿನ್ನ ಹಣೇಬಾರ, ನೆಟ್ಟಗ ನಿಂತು ಕಾಯಿ! ಯಾರು ಬಂದು ಬೋರ್ ನೋಡಿ ಹೋದ್ರು? ಬಾಯಿ ಬಿಡು!”

“ಯಾರೂ ಬಂದಿಲ್ರೀ ಧಣಿ. ಮಂದಿಗೆ ಕುಡಿಯಾಕ ನೀರರ ಬಿಡ್ರಿ,” ಎಂದನಂತೆ ಹನುಮಂತ. ಆ ದಿನ ಗಾರೆಯವರೆಲ್ಲ ಕೊಡ ಹಿಡಿದು ನನ್ನ ಖಾನಾವಳಿಗೆ ಬಂದರು.

ಮರುದಿನ ಭಾವ ಆ ಫೋನು ಬಂದ ಕಚೇರಿಗೆ ಹೋದಾಗ ತಿಳಿಯಿತು, ಬೋರ್ ಎಂದರೆ ಬಂದೂಕಿನ ನಳಿಗೆಯ ಒಳಗಿನ ಅಳತೆ. ಹಳೆಯ ಲೈಸೆನ್ಸುಗಳನ್ನೆಲ್ಲ ಕಂಪ್ಯೂಟರಿಗೆ ತುಂಬುತ್ತಿದ್ದರು. ಭಾವನದನ್ನು ಅದು ನುಂಗುತ್ತಿರಲಿಲ್ಲ. ಅದರಲ್ಲಿ ‘ರೈಫಲ್, ತ್ರೀ ನಾಟ್ ತ್ರೀ’ ಎಂದಿತ್ತು. ಅದು ಫೌಜಿನವರ ಅಳತೆ, ಸಾಮಾನ್ಯರು ಇಟ್ಟುಕೊಳ್ಳುವ ಹಾಗಿಲ್ಲ. ಇಷ್ಟು ವರ್ಷ ಕೈಯಲ್ಲಿ ಬರೆಯುವ ಗುಮಾಸ್ತರು ಕಣ್ಣು ಮುಚ್ಚಿ ನಕಲು ಮಾಡಿದ್ದರು, ಕಂಪ್ಯೂಟರಿಗೆ ಆ ದಾಕ್ಷಿಣ್ಯವಿಲ್ಲ.

ಹಾಗೆ ಬರೆದವರು ಯಾರು? ಭಾವನೇ. ಅವರ ತಂದೆಯ ಕಾಲದಲ್ಲಿ ‘ಹಳೆಯ ಬಂದೂಕು, ಒಂದು’ ಎಂದಷ್ಟೇ ಇತ್ತು. ತಂದೆ ತೀರಿಕೊಂಡು ಲೈಸೆನ್ಸು ತನ್ನ ಹೆಸರಿಗೆ ಮಾಡಿಸುವಾಗ, ಸಿನಿಮಾದಲ್ಲಿ ಕೇಳಿದ್ದ ತ್ರೀ ನಾಟ್ ತ್ರೀ ಬಾಯಿಗೆ ರುಚಿಯಾಗಿದ್ದಕ್ಕೆ ಅದನ್ನೇ ತುಂಬಿದ್ದರು.

ಕಚೇರಿಯ ಸಾಹೇಬರು ಹೇಳಿದ್ದು ಇಷ್ಟು. ಲೈಸೆನ್ಸ್ ಇರುವ ಬಂದೂಕಿನ ಕಾರೀಗರನ ಹತ್ತಿರ ಒಯ್ದು ಖರೇ ಅಳತೆ ತೆಗೆಸಿ. ಆ ಅಳತೆಯನ್ನು ನಳಿಗೆಯ ಉಕ್ಕಿನ ಮೇಲೆ, ಕಣ್ಣಿಗೆ ಕಾಣುವಂತೆ ಒತ್ತಿಸಿ ತನ್ನಿ. ತ್ರೀ ನಾಟ್ ತ್ರೀ ಎಂದೇ ಬಂದರೆ ಬಂದೂಕು ಇಲ್ಲಿ ಇಟ್ಟು ಹೋಗಿ. ಏನೇ ಆಗಲಿ ದಸರೆಯೊಳಗೆ.

ಭಾವ ನನ್ನ ಖಾನಾವಳಿಗೆ ಬಂದು ಕೂತರು. ಅವರ ಹಣೆಯಲ್ಲಿ ಬೆವರು ನಾನು ನೋಡಿದ್ದು ಅದೇ ಮೊದಲು, ಯಾಕೆಂದರೆ ಕೆಲಸ ಮಾಡಿ ಬೆವರುವ ಅಭ್ಯಾಸ ಅವರಿಗಿಲ್ಲ.

“ಬಂದೂಕ ಹೋದ್ರ ಏನು ಉಳೀತದ ಸುಮಂಗಲಾ? ಬಾಗಲದಾಗ ಏನಿಟ್ಟು ಪೂಜಿ ಮಾಡ್ಲಿ? ಪುಸ್ತಕದಾಗ ಅಚ್ಚಾಗೇತಿ, ಮಂದಿ ಅದನ್ನ ನೋಡಿ ಮನಿ ಹಿಡದಾರ.”

“ಲಟ್ಟಣಿಗಿ ಇಡ್ರಿ. ನನ್ನ ಆಯುಧ ಅದ. ಎರವಲು ಕೊಡ್ತೀನಿ.”

ನಗಲಿಲ್ಲ. ಎರಡು ರೊಟ್ಟಿ ತಿಂದು, ನಾಳೆ ಸಿಕಂದರಾಬಾದಿಗೆ ನೀನೂ ಬಾ ಎಂದು ಹೇಳಿ ಹೋದರು. ಒಬ್ಬರೇ ಹೋಗಲು ಧೈರ್ಯವಿರಲಿಲ್ಲ, ಶಿಕಾರಿಯ ಮೊಮ್ಮಗನಿಗೆ.

ಹೊರಡುವ ಹೊತ್ತಿಗೆ ತುಳಸಾಬಾಯಿ ಅತ್ತಿ ಚಪ್ಪಲಿ ಹಾಕಿಕೊಂಡು ಕಾರಿನಲ್ಲಿ ಕೂತುಬಿಟ್ಟಿದ್ದರು.

“ನೀ ಯಾಕ ಬೇ ಅವ್ವಾ? ಅಲ್ಲಿ ನಿಂದೇನು ಕೆಲಸ?”

“ನಮ್ಮ ಮಾವನೋರ ಬಂದೂಕ ಅದು. ನಿನ್ನ ಕೈಯಾಗ ಕೊಟ್ಟು ಕಳಿಸಿದ್ರ ತಿರುಗಿ ಬರೂವಾಗ ಫಿರಂಗಿ ಆಗಿ ಬರ್ತದ. ನಡಿ ಸುಮ್ನ.”

ಬಂದೂಕಿನ ಕಾರೀಗರ ಖಲೀಲ್ ಸಾಹೇಬರ ಅಂಗಡಿ ಸಿಕಂದರಾಬಾದಿನ ಹಳೇ ಬಜಾರಿನಲ್ಲಿ. ಅರ್ಧ ಅಂಗಡಿಯನ್ನು ಕಂಪ್ಯೂಟರ್ ಕಲಿಸುವವರಿಗೆ ಬಾಡಿಗೆಗೆ ಕೊಟ್ಟಿದ್ದರು. ಉಳಿದರ್ಧದಲ್ಲಿ ಸೆಕ್ಯೂರಿಟಿ ಗಾರ್ಡುಗಳ ಟೋಪಿ, ಬೆಲ್ಟು, ಸೀಟಿ. ಬಂದೂಕುಗಳು ಹಿಂದಿನ ಕೋಣೆಗೆ ಸರಿದಿದ್ದವು. ಖಲೀಲ್ ಸಾಹೇಬರ ಬಾಯಲ್ಲಿ ಎಲೆಯಡಿಕೆ, ಮೈತುಂಬಾ ಜಂಬ. ಹೈದರಾಬಾದಿನಲ್ಲಿ ಬಂದೂಕು ಎಂದರೇನು ಎಂದು ಗೊತ್ತಿರುವವರು ತಾನು ಮತ್ತು ತನ್ನ ತೀರಿಹೋದ ತಂದೆ, ಇಬ್ಬರೇ ಎಂದು ಬಾಗಿಲಲ್ಲೇ ಹೇಳಿದರು. ಕನ್ನಡವೂ ಆಡುತ್ತಿದ್ದರು. “ನನ್ನ ಬೀವಿ ಗುಲಬರ್ಗಾದಾಕಿ. ಬೈಗುಳ ಪೂರಾ ಕನ್ನಡದಾಗ ಕೇಳೀನಿ, ಅದಕ್ಕ ಕನ್ನಡ ಬರ್ತದ.”

“ಸಾಹೇಬ್ರ, ರೈಫಲ್ ತಂದೀನಿ,” ಎಂದು ಭಾವ ಮೇಜಿನ ಮೇಲಿಟ್ಟರು.

ಖಲೀಲ್ ಸಾಹೇಬರು ಎತ್ತಿ ತೂಗಿದರು, ಹಿಂಬದಿಯ ಚಿಲಕ ಎಳೆದು ತೆಗೆದು ಪಕ್ಕಕ್ಕಿಟ್ಟರು, ಖಾಲಿ ನಳಿಗೆಯನ್ನು ಬೀದಿಯ ಬೆಳಕಿಗೆ ಹಿಡಿದು ಕಣ್ಣಿಟ್ಟರು. ಎಲೆಯಡಿಕೆ ಅಗಿಯುವುದು ನಿಂತಿತು.

“ಇದಕ್ಕ ರೈಫಲ್ ಅಂತ ಯಾರಂದ್ರು ಮಿಯಾ?”

“ಅಂದ್ರ?”

“ರೈಫಲ್ ಒಳಗ ಗೀರು ಇರ್ತಾವ. ಮೊಳಿ ತಿರುಪಿನ ಹಂಗ ಸುತ್ತಿ ಸುತ್ತಿ. ಗುಂಡು ತಿರುಗಿಕೋತ ಹೋಗಬೇಕು, ದೂರ ಹೋಗಬೇಕು. ಇದರಾಗ ಏನೈತಿ? ನೋಡಮ್ಮಾ, ನೀನ ನೋಡು.”

ನಾನೂ ಕಣ್ಣಿಟ್ಟೆ. ನೀರಿನ ಪೈಪಿನ ಒಳಗಿನಂತೆ ನುಣ್ಣಗೆ. ಆಚೆ ತುದಿಯಲ್ಲಿ ಒಬ್ಬ ಹಣ್ಣು ಮಾರುವವನು ಕಾಳಿನಷ್ಟು ಕಾಣುತ್ತಿದ್ದ.

“ಗೀರು ಸವದಿರಬೇಕು,” ಎಂದರು ಭಾವ. “ಭಾಳ ಹೊಡದಾನಲ್ರೀ ನಮ್ಮಜ್ಜ. ತ್ರೀ ನಾಟ್ ತ್ರೀನ ಅದು.”

ಖಲೀಲ್ ಸಾಹೇಬರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಜೇಬಿನಿಂದ ಬೀಗದ ಕೈಗೊಂಚಲು ತೆಗೆದು, ಅದಕ್ಕೆ ನೇತುಬಿದ್ದಿದ್ದ ತಾಮ್ರದ ಬಣ್ಣದ ಚೂಪು ಗುಂಡೊಂದನ್ನು ಬಿಚ್ಚಿದರು. ಮದ್ದಿಲ್ಲದ, ಬರೀ ಮೂತಿ.

“ಇದು ತ್ರೀ ನಾಟ್ ತ್ರೀ ಗುಂಡು. ತ್ರೀ ನಾಟ್ ತ್ರೀ ನಳಿಗಿ ಆದ್ರ ಇದು ಮೂತಿಯೊಳಗ ಸಿಕ್ಕಿ ನಿಂದರಬೇಕು. ದೇಖೋ.”

ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಗುಂಡನ್ನು ಬಿಟ್ಟರು. ಅದು ಬಾವಿಗೆ ಬಿದ್ದ ಚೊಂಬಿನ ಹಾಗೆ ಅತ್ತಿತ್ತ ಬಡಿಯುತ್ತಾ, ಟಣ ಟಣ ಎನ್ನುತ್ತಾ ಇಳಿದು, ಚಿಲಕ ತೆಗೆದ ತೂತಿನಿಂದ ಹೊರಗೆ ಹಾರಿ, ಭಾವನ ಹೊಸ ಬೂಟಿನ ಮೇಲೆ ಬಿತ್ತು. ಭಾವ ‘ಅವ್ವಾ!’ ಎಂದು ಒಂದು ಹೆಜ್ಜೆ ಹಾರಿದರು.

“ಅಂಜಬ್ಯಾಡ,” ಎಂದರು ಅತ್ತಿ. “ಗುಂಡಿಗೆ ಮದ್ದಿಲ್ಲ.”

ಆಮೇಲೆ ಖಲೀಲ್ ಸಾಹೇಬರು ಅಳತೆಯ ಕೈವಾರ ತಂದರು, ಗುಂಡನೆಯ ಉಕ್ಕಿನ ತುಂಡುಗಳನ್ನು ಒಂದೊಂದಾಗಿ ನಳಿಗೆಯಲ್ಲಿ ಇಳಿಸಿ ನೋಡಿದರು. ಒಂದು ಸಡಿಲಾಯಿತು, ಇನ್ನೊಂದು ಹೋಗಲಿಲ್ಲ, ನಡುವಿನದು ಮಾತ್ರ ಎಣ್ಣೆ ಹಚ್ಚಿದ ಬೆರಳಿಗೆ ಉಂಗುರ ಕೂತಂತೆ ಕೂತಿತು. ಅದನ್ನು ಹೊರತೆಗೆದು ಕೈವಾರದಲ್ಲಿ ಹಿಡಿದು, ಕನ್ನಡಕ ಮೇಲೇರಿಸಿ ಓದಿದರು.

“ಪಾಯಿಂಟ್ ಚಾರ್ ಸೌ ದಸ್.”

ಅತ್ತಿಗೆ ಹಿಂದಿಯ ಅಂಕಿ ಬರುತ್ತಿತ್ತು.

“ನಾಕನೂರಾ ಹತ್ತ ಅಂದ್ರಲ್ಲ? ಅದನ್ನ ಬರದಾರಲ್ಲೋ ಕಟ್ಟಿಗಿ ಮ್ಯಾಲೆ,” ಎಂದರು ಮಗನಿಗೆ.

ಖಲೀಲ್ ಸಾಹೇಬರು ಬಂದೂಕನ್ನು ಮಗ್ಗುಲು ಮಾಡಿದರು. ಅಂಕಿ ನೋಡಿದರು, ಅದರ ಮುಂದೆ ಹೆಬ್ಬೆರಳು ಉಜ್ಜಿದರು, ಟೋಪಿಗೆ ಚುಚ್ಚಿಟ್ಟಿದ್ದ ಗುಂಡುಪಿನ್ನು ತೆಗೆದು ಅಲ್ಲಿ ಕೆದಕಿದರು. ಕೆಂಪು ಅರಗಿನ ಉಂಡೆ ಪಟ್ಟನೆ ಎದ್ದು ಬಂತು.

“ಯಾವನೋ ಬೇವಕೂಫ್ ಇದರಾಗ ಅರಗ ತುಂಬ್ಯಾನ! ಚುಕ್ಕಿ ಮುಚ್ಚಿದ್ರ ಅಳತಿ ಹೆಂಗ ತಿಳೀಬೇಕು?”

ಭಾವ ಅಂಗಡಿಯ ಫ್ಯಾನು ನೋಡುತ್ತಿದ್ದರು. ಫ್ಯಾನು ತಿರುಗುತ್ತಿರಲಿಲ್ಲ.

ಆಮೇಲೆ ಖಲೀಲ್ ಸಾಹೇಬರನ್ನು ನಿಲ್ಲಿಸುವವರೇ ಇಲ್ಲ. ಇಂಗ್ಲಿಷರು ಫೌಜಿನ ರೈಫಲ್ಲಿನ ಆಕಾರದಲ್ಲೇ ಇದನ್ನು ಮಾಡಿಸಿದ್ದರಂತೆ. ಜೇಲಿನ ಪಹರೆಯವರಿಗೆ, ಪೊಲೀಸ್ ಪೇದೆಗಳಿಗೆ, ಕಾರ್ಖಾನೆ ಕಾಯುವವರಿಗೆ. ಗುಂಡು ತುಂಬುವ ಪೆಟ್ಟಿಗೆಯ ಜಾಗದಲ್ಲಿ ಕಟ್ಟಿಗೆಯ ತುಂಡು ಜಡಿದಿದ್ದನ್ನು ಬೆರಳಿಟ್ಟು ತೋರಿಸಿದರು. ಒಂದು ಸಲಕ್ಕೆ ಒಂದೇ ಏಟು. ಮಂದಿ ಕಸಿದುಕೊಂಡರೂ ಫೌಜಿನ ಗುಂಡು ಇದಕ್ಕೆ ಹೊಂದುವುದಿಲ್ಲ. ಒಳಗೆ ಹಾಕುವುದು ಸಣ್ಣ ಸಣ್ಣ ಕಾಳು, ಗುಂಪು ಚದುರಿಸಲಿಕ್ಕೆ.

“ಭರೋಸಾ ಇಲ್ಲದವರ ಕೈಯಾಗ ಕೊಡೋ ಬಂದೂಕ ಇದು,” ಎಂದರು. “ಇದರಿಂದ ಹುಲಿಗೆ ಹೊಡದ್ರ ಹುಲಿ ತಿರುಗಿ ನೋಡಿ, ಕ್ಯಾ ಹೈ ಭಾಯ್ ಅಂತ ಕೇಳ್ತದ.”

ಅತ್ತಿ ನಕ್ಕುಬಿಟ್ಟರು. ಹಲ್ಲಿಲ್ಲದ ಬಾಯಿ ಅಗಲ ಮಾಡಿ, ಕಣ್ಣಲ್ಲಿ ನೀರು ಬರುವಂತೆ. ನಗು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು:

“ಖರೇ ಐತ್ರಿ ಸಾಬ್ರ. ನಮ್ಮ ಮಾವನೋರು ರಾಯಚೂರಾಗ ಹತ್ತಿ ಗಿರಣಿ ಬಾಗಲಾ ಕಾಯ್ತಿದ್ರು. ಗಿರಣಿ ಮುಚ್ಚಿದಾಗ ಸಾವಕಾರ ಇದನ್ನ ಅವರ ಹೆಸರಿಗೆ ಮಾಡಿಸಿ ಕೊಟ್ಟ. ಒಂದು ಪ್ರಾಣಿ ಹೊಡದಿಲ್ಲ. ಮಂಗ್ಯಾ ಬಂದ್ರ ಕಲ್ಲು ಒಗೀತಿದ್ರು. ಕಾಡತೂಸು ಸಾವಕಾರಂದು, ಲೆಕ್ಕಾ ಕೊಡಬೇಕಾಗ್ತದ ಅಂತ. ಆದ್ರ ಇರೂತನಕ ಗಿರಣ್ಯಾಗಿಂದ ಒಂದು ಹತ್ತಿ ಎಳಿ ಹೊರಗ ಹೋಗಗೊಡಲಿಲ್ಲ.”

“ಅವ್ವಾ! ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀ ಕೇಳಿದ್ದೇನು? ಬಂದವರಿಗೆಲ್ಲ ಹೇಳೂದ ಆತು ನಿಂದು. ಕೇಳಾಕ ಪುರುಸೊತ್ತರ ಎಲ್ಲಿತ್ತು?”

ಇಷ್ಟಾದ ಮೇಲೆ ಯಾರೇ ಆಗಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಭಾವ ಖಲೀಲ್ ಸಾಹೇಬರ ಕಿವಿಯ ಹತ್ತಿರ ಬಗ್ಗಿದರು. ಪಿಸುಮಾತು ಅವರಿಗೆ ಬರುವುದಿಲ್ಲ, ನನಗೆಲ್ಲ ಕೇಳಿಸಿತು.

“ಸಾಹೇಬ್ರ, ಹೆಂಗರ ಮಾಡಿ ತ್ರೀ ನಾಟ್ ತ್ರೀ ಅಂತ ಹೊಡೀರಿ. ನಿಮ್ಮನ್ನ ಖುಷಿ ಮಾಡ್ತೀನಿ.”

ಖಲೀಲ್ ಸಾಹೇಬರು ಎಲೆಯಡಿಕೆ ಉಗುಳಲು ಎದ್ದು ಹೋಗಿ ಬರಬೇಕಾಯಿತು.

“ನಲವತ್ತು ವರ್ಷದ ದುಕಾನು ಮಿಯಾ ನಂದು. ಕಾನೂನಿನೊಳಗ ಬರ್ಲಿ ಅಂತ ಸುಳ್ಳು ಹೊಡೀರಿ ಅಂದವರನ್ನ ಭಾಳ ನೋಡೀನಿ. ಸುಳ್ಳು ಹೊಡದು ಜೇಲಿಗೆ ಕಳಸ್ರಿ ಅಂದವ ನೀನ ಮೊದಲ್ನೇವ!”

ಆಗ ಹೊಳೆಯಿತು ಭಾವನಿಗೆ. ತ್ರೀ ನಾಟ್ ತ್ರೀ ಎಂದರೆ ಕಥೆ ಉಳಿಯುತ್ತದೆ, ಬಂದೂಕು ಹೋಗುತ್ತದೆ. ಪಾಯಿಂಟ್ ನಾಲ್ಕುನೂರಾ ಹತ್ತು ಎಂದರೆ ಬಂದೂಕು ಉಳಿಯುತ್ತದೆ, ಕಥೆ ಹೋಗುತ್ತದೆ. ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿದರು. ನನಗೆ ಒಂದು ಗಳಿಗೆ ಅಯ್ಯೋ ಎನಿಸಿತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ತಲೆಯೆತ್ತಿದರು.

“ಆತು. ನಾಲ್ಕನೂರಾ ಹತ್ತ ಹೊಡೀರಿ. ಆದ್ರ ಚುಕ್ಕಿ ಬ್ಯಾಡ.”

ನನ್ನ ಅಯ್ಯೋ ಎಲ್ಲಿತ್ತೋ ಅಲ್ಲಿಗೇ ಹೋಯಿತು.

“ಚುಕ್ಕಿ ಬ್ಯಾಡ?” ಎಂದರು ಖಲೀಲ್ ಸಾಹೇಬರು. “ಪಾಯಿಂಟ್ ನಾಲ್ಕನೂರಾ ಹತ್ತ ಅಂದ್ರ ಒಂದು ಇಂಚಿನಾಗ ಅರ್ಧಕ್ಕೂ ಕಡಿಮಿ. ಚುಕ್ಕಿ ತಗದ್ರ ನಾಲ್ಕನೂರಾ ಹತ್ತು ಇಂಚು. ಅದು ಬಂದೂಕದ ಬಾಯಿ ಅಲ್ಲ ಮಿಯಾ, ಬಾವಿ. ಅದರಾಗ ನೀನು, ನಿನ್ನ ಕಾರು, ನಿನ್ನ ಅಪಾರ್ಟ್‌ಮೆಂಟು ಎಲ್ಲಾ ಇಳೀತಾವ.”

“ಕೆಳಗಿನ ಮಗ್ಗಲದಾಗರ ಹೊಡೀರಿ. ಗೋಡಿ ಕಡೆ ಬರೂ ಹಂಗ.”

“ಕಣ್ಣಿಗೆ ಕಾಣಬೇಕು ಅಂತ ಹುಕುಮ್ ಐತಿ.”

ನಳಿಗೆಯನ್ನು ಇಕ್ಕಳದಲ್ಲಿ ಬಿಗಿದರು. ಉಕ್ಕಿನ ಅಚ್ಚುಗಳನ್ನು ಸಾಲಾಗಿ ಇಟ್ಟರು. ನಾಲ್ಕು. ಒಂದು. ಸೊನ್ನೆ. ಒಂದೊಂದಕ್ಕೂ ಸುತ್ತಿಗೆಯ ಒಂದೇ ಏಟು, ಪಕ್ಕದರ್ಧದಲ್ಲಿ ಕಂಪ್ಯೂಟರ್ ಕಲಿಯುವವರು ಇಣುಕಿ ನೋಡುವಷ್ಟು ಸದ್ದು. ಕೊನೆಗೆ ಮೊಳೆಯಂಥ ಚೂಪು ಅಚ್ಚು ಕೈಗೆತ್ತಿಕೊಂಡರು.

“ಸ್ವಲ್ಪ ಸಣ್ಣದು ಮಾಡ್ರಿ ಸಾಹೇಬ್ರ,” ಎಂದರು ಭಾವ.

ಖಲೀಲ್ ಸಾಹೇಬರು ಅಚ್ಚನ್ನು ಕೆಳಗಿಟ್ಟರು. ಅದಕ್ಕಿಂತ ದಪ್ಪದ್ದನ್ನು ತೆಗೆದುಕೊಂಡು ಹೊಡೆದರು.

ದಸರೆಯ ದಿನ, ಉದ್ಘಾಟನೆಗೆ, ಶಿಕಾರಿ ಹೈಟ್ಸ್ ಬಾಗಿಲಲ್ಲಿ ಬಂದೂಕು ಮೇಜಿನ ಮೇಲಿತ್ತು. ಕಂಪ್ಯೂಟರ್ ಅದನ್ನು ಒಪ್ಪಿ ನುಂಗಿತ್ತು, ಲೈಸೆನ್ಸಿನಲ್ಲಿ ಅದಕ್ಕೆ ಈಗ ‘ಮಸ್ಕೆಟ್’ ಎಂದು ಹೆಸರು, ಒಳಗೆ ಗೀರಿಲ್ಲದ ಬಂದೂಕು ಎಂದರ್ಥ. ಪೇಟ ಸುತ್ತಿದ ಭಾವ ಸರಿಯಾಗಿ ಆ ಅಂಕಿಯ ಮೇಲೆ ಚೆಂಡುಹೂವಿನ ಹಾರ ಹೊದಿಸಿದ್ದರು. ಒಂದಲ್ಲ, ಮೂರು ಸುತ್ತು. ನಳಿಗೆಗೆ ನೆಗಡಿಯಾಗಿ ಮಫ್ಲರ್ ಸುತ್ತಿದ ಹಾಗೆ ಕಾಣುತ್ತಿತ್ತು. ಫ್ಲ್ಯಾಟು ತೆಗೆದುಕೊಂಡ ಹುಡುಗರು, ಅವರ ಅಪ್ಪ ಅಮ್ಮಂದಿರು, ಬಿಲ್ಡರ್, ಎಲ್ಲರೂ ನಿಂತಿದ್ದರು. ಊಟದ ಗುತ್ತಿಗೆ ನನ್ನದು, ನಾನು ಕೈಯಲ್ಲಿ ಸೌಟು ಹಿಡಿದೇ ನಿಂತಿದ್ದೆ.

ತುಳಸಾಬಾಯಿ ಅತ್ತಿ ಪೂಜೆಗೆ ಬಂದರು. ಯಾರನ್ನೂ ಕೇಳದೆ ಹಾರ ಎತ್ತಿ ಪಕ್ಕಕ್ಕಿಟ್ಟರು. ವಿಭೂತಿ ಹಚ್ಚಿದರು. ಬೆರಳನ್ನು ಕುಂಕುಮದಲ್ಲಿ ಅದ್ದಿ, ಕನ್ನಡಕ ಸರಿಮಾಡಿಕೊಂಡು, ಹುಡುಕಿ, ಸರಿಯಾಗಿ ಆ ಚುಕ್ಕಿಯ ಮೇಲೆ ಇಟ್ಟರು. ಆಮೇಲೆ ತೆಂಗಿನಕ್ಕಾಯಿ ಎತ್ತಿಕೊಂಡು ಸುತ್ತ ನೋಡಿದರು.

“ಹನುಮಂತಾ, ಬಾ ಇಲ್ಲೆ. ನೀ ಒಡಿ.”

ಗೇಟಿನ ಹತ್ತಿರ ನಿಂತಿದ್ದ ವಾಚ್‌ಮನ್ ಭಾವನ ಮುಖ ನೋಡಿದ. “ನಾ ಯಾಕ್ರೀ ಅಮ್ಮಾ? ಧಣ್ಯಾರ ಅದಾರಲ್ರೀ.”

“ಕಾವಲಿನವರ ಬಂದೂಕ ಇದು. ಕಾವಲಿನವ ಒಡೀಬೇಕು. ಬಾ.”

ಹನುಮಂತ ಚಪ್ಪಲಿ ಬಿಟ್ಟು ಬಂದು ಒಡೆದ. ಒಂದೇ ಏಟಿಗೆ ಸರಿಯಾಗಿ ಎರಡು ಹೋಳು.

ಋಷಭ್ ಮುಂದೆ ಬಗ್ಗಿದ. ಈ ಹುಡುಗನಿಗೆ ಎಲ್ಲಿ ಏನು ಬರೆದಿದ್ದರೂ ಓದಲೇಬೇಕು.

“ಅಂಕಲ್, ಮರದ ಮೇಲೂ ಪಾಯಿಂಟ್ ಫೋರ್ ಒನ್ ಝೀರೋ, ಕಬ್ಬಿಣದ ಮೇಲೂ ಪಾಯಿಂಟ್ ಫೋರ್ ಒನ್ ಝೀರೋ. ಆವತ್ತು ಕಬ್ಬಿಣದ ಮೇಲೆ ಇರ್ಲಿಲ್ಲ, ಅಲ್ವಾ?”

ಎಲ್ಲರೂ ಭಾವನ ಕಡೆ ತಿರುಗಿದರು. ಸಿಕಂದರಾಬಾದಿನ ಸ್ಟೂಲು, ಬೂಟಿನ ಮೇಲೆ ಬಿದ್ದ ಗುಂಡು, ಅವರ ಕಣ್ಣ ಮುಂದೆ ಹಾದುಹೋಗಿರಬೇಕು ಎಂದು ನಾನು ನಂಬಿದ್ದೆ. ನಾನು ಹುಚ್ಚಿ.

“ಹಂಗಲ್ಲ ತಮ್ಮಾ,” ಎಂದು ಭಾವ ಎದೆ ಮುಂದೆ ಮಾಡಿದರು. “ಕಟ್ಟಿಗಿ ಮ್ಯಾಲಿಂದು ನಮ್ಮಜ್ಜ ಹೊಡದ ಲೆಕ್ಕ. ಕಬ್ಬಿಣದ ಮ್ಯಾಲಿಂದು ನಮ್ಮ ಮುತ್ತಜ್ಜಂದು. ಅವನೂ ಸರಿಯಾಗಿ ನಾಲ್ಕನೂರಾ ಹತ್ತ...”

“ತಮ್ಮಾ, ಇಲ್ಲಿ ಕೇಳು,” ಎಂದರು ಅತ್ತಿ ಋಷಭ್‌ಗೆ, ಮಂಗಳಾರತಿ ತಟ್ಟೆಯನ್ನು ನನ್ನ ಕೈಗೆ ಕೊಡುತ್ತಾ. “ಅದು ಬಂದೂಕದ ಬಾಯಿ ಅಳತಿ. ಸಿಕಂದರಾಬಾದಿನಾಗ ಅಳದು ಬರದು ಕೊಟ್ಟಾರ. ಈ ನನ್ನ ಮಗನ ಬಾಯಿ ಅಳೆಯೋ ಸಾಮಾನು ಅಲ್ಲೂ ಇರಲಿಲ್ಲ.”

ಮೊದಲು ನಕ್ಕವನು ಬಿಲ್ಡರ್. ಅವನು ತೆಲುಗಿನವನು, ಪಕ್ಕದವರನ್ನು ಕೇಳಿ ತಿಳಿದುಕೊಂಡು ನಕ್ಕ. ಆಮೇಲೆ ಹುಡುಗರು, ಆಮೇಲೆ ಅವರ ಅಪ್ಪ ಅಮ್ಮಂದಿರು. ಹನುಮಂತ ಮಾತ್ರ ನಗದೆ ಕಾಯಿಯ ಹೋಳು ಹಿಡಿದು ನೆಟ್ಟಗೆ ನಿಂತಿದ್ದ, ಬಾಯಿ ಬಿಗಿಹಿಡಿದು. ಅವನ ಹೊಟ್ಟೆ ಕುಣಿಯುತ್ತಿದ್ದುದು ಯೂನಿಫಾರ್ಮಿನ ಗುಂಡಿಗಳ ಮೇಲೆ ಕಾಣುತ್ತಿತ್ತು.

ಭಾವನ ಪೇಟ ಒಂದು ಕಡೆ ವಾಲಿತ್ತು. ತಾಯಿಯ ಕಡೆ ನೋಡಿದರು, ನನ್ನ ಸೌಟಿನ ಕಡೆ ನೋಡಿದರು.

“ಊಟ ತಯಾರ್ ಐತ್ರಿ,” ಎಂದರು ಮಂದಿಗೆ.

ಆ ಬಂದೂಕು ಮೊದಲ ಸಲ ಗೋಡೆಗೆ ಏರಿದಂದಿನಿಂದ ಇಂದಿನವರೆಗೆ ಅದರ ಹತ್ತಿರ ನಿಂತು ಭಾವ ಆಡಿದ ಮಾತುಗಳಲ್ಲಿ ಖರೇ ಮಾತು ಅದೊಂದೇ. ಅದಕ್ಕೆ ನಾನು ಗ್ಯಾರಂಟಿ, ಅಡಿಗೆ ಮಾಡಿದ್ದು ನಾನೇ.